ಬೋವಾ ಬೆಟ್ಟದ ಮಾತು ಉಳಿಯಲಿ: ಕಲಾಬ್ರಿಯಾದ ಆಡಳಿತಕ್ಕೊಂದು ಬಹಿರಂಗ ಪತ್ರ

ಇವರಿಗೆ,
ಕಲಾಬ್ರಿಯಾ ಪ್ರಾದೇಶಿಕ ಸರ್ಕಾರದಲ್ಲಿ ಶಿಕ್ಷಣ ಮತ್ತು ಸಂಸ್ಕೃತಿಯ ಹೊಣೆ ಹೊತ್ತಿರುವ ಮಾನ್ಯರು,
ರೆಜ್ಜೊ ಕಲಾಬ್ರಿಯಾ ಮಹಾನಗರ ಆಡಳಿತ,
ಬೋವಾ ಪುರಸಭೆಯ ಮೇಯರ್ ಹಾಗೂ ಸದಸ್ಯರು.

ಮಾನ್ಯರೇ,

ನಾನು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದ ಅಧ್ಯಾಪಕಿ. ಮಗಳು ಕೆಲಸದ ನಿಮಿತ್ತ ಇಟಲಿಯಲ್ಲಿ ನೆಲೆಸಿರುವುದರಿಂದ ನಿಮ್ಮ ನಾಡಿಗೆ ಮೂರು ಬಾರಿ ಬಂದು ಹೋಗಿದ್ದೇನೆ. ಅದರಲ್ಲಿ ಎರಡು ಬಾರಿ ಆಸ್ಪ್ರೊಮೊಂತೆ ಬೆಟ್ಟಸಾಲಿನ ದಕ್ಷಿಣ ಅಂಚಿನಲ್ಲಿರುವ ಬೋವಾ ಎಂಬ ಊರಿನಲ್ಲಿ ಉಳಿದುಕೊಂಡಿದ್ದೇನೆ. ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಮಾತು ಕೈತಪ್ಪಿ ಹೋಗುವುದೆಂದರೇನು ಎಂಬುದನ್ನು ಕುರಿತು ನಾನು ಯೋಚಿಸಬಲ್ಲದ್ದು ನನ್ನ ಮಾತಿನಲ್ಲಿ ಮಾತ್ರ. ಇದರ ಇಟಾಲಿಯನ್ ಅನುವಾದವನ್ನು ಮಗಳು ಮಾಡಿ ತಮಗೆ ಕಳುಹಿಸಲಿದ್ದಾಳೆ. ಆದರೆ ರೋಮ್, ವೆನಿಸ್, ಫ್ಲಾರೆನ್ಸ್ ನೋಡಿ ಇಟಲಿಯನ್ನು ಕಂಡೆವೆಂದು ಊರಿಗೆ ಮರಳುವ ನನ್ನ ಕನ್ನಡದ ಜನರೂ ಇದನ್ನು ಓದಲಿ ಎಂಬ ಆಸೆಯಿಂದ ಮೊದಲು ಇಲ್ಲಿ ಬಹಿರಂಗಪಡಿಸುತ್ತಿದ್ದೇನೆ.

ಮೊದಲ ಸಲ ನಾನು ಬೋವಾಕ್ಕೆ ಹೋದದ್ದು ಈಸ್ಟರಿಗೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರದ ಹಬ್ಬಕ್ಕಾಗಿ. ಬೇರೆ ಊರುಗಳಲ್ಲಿ ಆ ದಿನ ಜನರು ಆಲಿವ್ ಕೊಂಬೆಯನ್ನೋ ತಾಳೆಗರಿಯನ್ನೋ ಹಿಡಿದು ಚರ್ಚಿಗೆ ಹೋಗುತ್ತಾರೆ. ಬೋವಾದಲ್ಲಿ ಮಾತ್ರ ಆಲಿವ್ ಎಲೆಗಳಿಂದ ಹೆಣೆದ ಹೆಣ್ಣುಗೊಂಬೆಗಳನ್ನು ಹೊತ್ತು ಹೋಗುತ್ತಾರೆ. ಊರಿನವರು ಅವುಗಳನ್ನು ‘ಪುಪಾತ್ಸೆ’ ಎನ್ನುತ್ತಾರೆ. ಹಬ್ಬಕ್ಕೆ ಎರಡು ದಿನ ಮುಂಚೆ ನಾವು ಉಳಿದಿದ್ದ ಮನೆಯ ಪಕ್ಕದ ಅಂಗಳದಲ್ಲಿ ಒಬ್ಬ ವೃದ್ಧೆ ಕುಳಿತು ಗೊಂಬೆ ಹೆಣೆಯುತ್ತಿದ್ದರು. ಉದ್ದನೆಯ ಜೊಂಡಿನ ಕೋಲೊಂದು ಅವರ ಮಡಿಲಲ್ಲಿತ್ತು. ಆಲಿವ್ ಎಲೆಗಳನ್ನು ಒಂದೊಂದಾಗಿ ಆರಿಸಿ, ಒಂದರೊಳಗೊಂದು ಸೇರಿಸಿ, ಜಡೆ ಹೆಣೆಯುವಂತೆ ಬಿಗಿಮಾಡಿ ಆ ಕೋಲಿನ ಸುತ್ತ ಕಟ್ಟುತ್ತಿದ್ದರು. ಸೊಂಟ ಸಣ್ಣದಾಗಿ, ಲಂಗ ಅಗಲವಾಗಿ, ತೋಳುಗಳು ಎರಡೂ ಬದಿಗೆ ಚಾಚಿ ನಿಧಾನಕ್ಕೆ ಒಬ್ಬ ಹೆಂಗಸು ಆ ಎಲೆಗಳಿಂದ ಎದ್ದು ಬಂದಳು. ಪಕ್ಕದಲ್ಲಿ ಅದೇ ಆಕಾರದ ಚಿಕ್ಕ ಗೊಂಬೆಯೊಂದು ಆಗಲೇ ಸಿದ್ಧವಾಗಿ ಗೋಡೆಗೆ ಒರಗಿ ನಿಂತಿತ್ತು. ದೊಡ್ಡದು ತಾಯಿ, ಚಿಕ್ಕದು ಮಗಳು. ಹಬ್ಬದ ದಿನ ಇವುಗಳಿಗೆ ಹೂವು, ಹಣ್ಣು, ರಿಬ್ಬನ್ ತೊಡಿಸಿ ಮೆರವಣಿಗೆಯಲ್ಲಿ ಒಯ್ದು ಪಾದ್ರಿಯವರಿಂದ ಆಶೀರ್ವಾದ ಮಾಡಿಸುತ್ತಾರೆ. ಆಮೇಲೆ ಗೊಂಬೆಗಳನ್ನು ಬಿಚ್ಚಿ ಎಲೆಯ ಎಳೆಗಳನ್ನು ನೆರೆದವರಿಗೆಲ್ಲ ಹಂಚುತ್ತಾರೆ. ಆ ಎಳೆಗಳಿಗೆ ಮನೆಯಲ್ಲಿ ವರ್ಷವಿಡೀ ಜಾಗವಿರುತ್ತದೆ. ಈ ತಾಯಿ ಮಗಳ ಜೋಡಿಯಲ್ಲಿ ಪ್ರಾಚೀನ ಗ್ರೀಕರ ಧಾನ್ಯದೇವತೆ ದೆಮೆತರ್ ಮತ್ತು ಪಾತಾಳದಿಂದ ವರ್ಷಕ್ಕೊಮ್ಮೆ ಮರಳಿ ಬರುವ ಅವಳ ಮಗಳು ಪರ್ಸಿಫೊನಿಯನ್ನು ಕಾಣುವವರು ಅನೇಕರು.

ನನ್ನ ಮನಸ್ಸಿನಲ್ಲಿ ನಿಂತದ್ದು ಗೊಂಬೆಗಿಂತ ಹೆಚ್ಚಾಗಿ ಆ ಅಂಗಳದ ಮಾತು. ವೃದ್ಧೆ ತಮ್ಮ ಮೊಮ್ಮಗನನ್ನು ಕರೆದು ಏನೋ ಹೇಳಿದರು. ‘ನೆರೋ’ ಎಂಬ ಶಬ್ದ ಮಾತ್ರ ನನಗೆ ಕೇಳಿಸಿತು. ಹುಡುಗ ಒಳಗೆ ಹೋಗಿ ನೀರು ತಂದುಕೊಟ್ಟ. ಅವನಿಗೆ ಅಜ್ಜಿಯ ಮಾತು ಅರ್ಥವಾಗಿತ್ತು. ಉತ್ತರವನ್ನು ಮಾತ್ರ ಇಟಾಲಿಯನ್ನಿನಲ್ಲಿ ಕೊಟ್ಟ. ಎಲೆಯನ್ನು ತೋರಿಸಿ ನಿಮ್ಮಲ್ಲಿ ಇದಕ್ಕೇನೆನ್ನುತ್ತೀರಿ ಎಂದು ಮಗಳ ಮೂಲಕ ಕೇಳಿದಾಗ ಅಜ್ಜಿ ‘ಫಿಡ್ಡೊ’ ಎಂದರು. ಅದನ್ನು ಕೇಳಿ ನಾನು ಬೆರಗಾದೆ. ಗ್ರೀಸ್ ದೇಶದಲ್ಲಿ ಎಲೆಗೆ ‘ಫೀಲೊ’ ಎನ್ನುತ್ತಾರೆ. ಬೋವಾದ ಬಾಯಲ್ಲಿ ಆ ಲಕಾರ ನಾಲಿಗೆಯನ್ನು ಮೇಲಕ್ಕೆ ಮಡಚಿ ಆಡುವ, ನಮ್ಮ ‘ಅಡ್ಡ’, ‘ಗುಡ್ಡ’ಗಳಲ್ಲಿ ಇರುವಂಥದೇ ‘ಡ್ಡ’ ಆಗಿತ್ತು. ಯುರೋಪಿನ ಒಂದು ಬೆಟ್ಟದ ಊರಿನಲ್ಲಿ ಈ ಧ್ವನಿಯನ್ನು ಕೇಳುತ್ತೇನೆಂದು ಯಾವತ್ತೂ ಅಂದುಕೊಂಡಿರಲಿಲ್ಲ. ಮೊಮ್ಮಗನಿಗೆ ಅದೇ ಪದವನ್ನು ಹೇಳಲು ಅಜ್ಜಿ ಹೇಳಿದಾಗ ಅವನು ನಾಚಿ ನಕ್ಕು ಓಡಿಹೋದ. ಈ ಪತ್ರ ಹುಟ್ಟಿದ್ದು ಆ ಗಳಿಗೆಯಿಂದ.

ಬೋವಾದ ಪರಿಚಯವಿಲ್ಲದ ಓದುಗರಿಗಾಗಿ ಒಂದಷ್ಟು ಹೇಳಬೇಕು. ಇಟಲಿಯನ್ನು ಬೂಟಿನ ಆಕಾರವೆಂದು ಶಾಲೆಯಲ್ಲಿ ಕಲಿತಿದ್ದೇವೆ. ಆ ಬೂಟಿನ ತುತ್ತತುದಿಯ ಹತ್ತಿರ ಈ ಊರಿದೆ. ಅಯೋನಿಯನ್ ಸಮುದ್ರದ ದಂಡೆಯ ಬೋವಾ ಮರೀನಾದಿಂದ ಸುತ್ತುದಾರಿಯಲ್ಲಿ ಸುಮಾರು 14 ಕಿಲೋಮೀಟರ್ ಹತ್ತಿದರೆ, ಸಮುದ್ರಮಟ್ಟದಿಂದ 820 ಮೀಟರ್ ಎತ್ತರದಲ್ಲಿ, ಬಂಡೆಗೆ ಅಂಟಿಕೊಂಡಂತೆ ಕಲ್ಲಿನ ಮನೆಗಳು ಕಾಣುತ್ತವೆ. ಈಗ ಅಲ್ಲಿ ವಾಸವಿರುವವರು ಐನೂರಕ್ಕಿಂತ ಕಡಿಮೆ. ತುದಿಯಲ್ಲಿ ಕೋಟೆಯ ಅವಶೇಷವಿದೆ. ಅಲ್ಲಿಯ ಬಂಡೆಯ ಮೇಲಿರುವ ಹೆಜ್ಜೆಗುರುತು ಹಿಂದೆ ಇಲ್ಲಿ ಆಳಿದ ರಾಣಿಯೊಬ್ಬಳದೆಂದು ಐತಿಹ್ಯ. ಆಕಾಶ ತಿಳಿಯಾಗಿದ್ದ ದಿನ ಅಲ್ಲಿ ನಿಂತರೆ ಸಮುದ್ರದಾಚೆಗೆ ಸಿಸಿಲಿಯ ಎಟ್ನಾ ಪರ್ವತ ಕಾಣುತ್ತದೆ. ಕಡಲತೀರದ ದಾಳಿಗಳಿಗೂ ತಗ್ಗುಪ್ರದೇಶದ ಮಲೇರಿಯಾಕ್ಕೂ ಅಂಜಿದ ಜನ ಈ ಎತ್ತರವನ್ನು ಏಕೆ ನೆಚ್ಚಿಕೊಂಡರೆಂಬುದು ಅಲ್ಲಿ ನಿಂತಾಗ ತಾನಾಗಿಯೇ ತಿಳಿಯುತ್ತದೆ. ಊರಿನ ಜನ ತಮ್ಮ ಊರನ್ನು ‘ಖೋರಾ ತು ವುಆ’ ಎನ್ನುತ್ತಾರೆ. ‘ಖೋರಾ’ ಎಂದರೆ ಊರು; ‘ವುಆ’ ಎಂಬುದನ್ನು ಎತ್ತು ಎಂಬರ್ಥದ ಗ್ರೀಕ್ ಪದದೊಂದಿಗೆ ಹೊಂದಿಸುತ್ತಾರೆ. ತಮ್ಮ ಮಾತಿಗೆ ಅವರು ಇಟ್ಟುಕೊಂಡ ಹೆಸರು ‘ಗ್ರೆಕೊ’.

ಇಟಲಿಯ ನೆಲದಲ್ಲಿ ಗ್ರೀಕ್ ಮಾತೇ ಎಂದು ನಮ್ಮವರು ಕೇಳಬಹುದು. ಕ್ರಿಸ್ತಪೂರ್ವ 8ನೆಯ ಶತಮಾನದಿಂದಲೇ ಗ್ರೀಕರು ಈ ಕರಾವಳಿಯಲ್ಲಿ ನೆಲೆಯೂರಿದ್ದರು; ರೆಜ್ಜೊ, ಲೊಕ್ರಿ, ಕ್ರೊತೋನೆಗಳೆಲ್ಲ ಅವರು ಕಟ್ಟಿದ ನಗರಗಳು. ರೋಮನ್ ಆಳ್ವಿಕೆಯ ತರುವಾಯ, 6ನೆಯ ಶತಮಾನದಿಂದ 11ನೆಯ ಶತಮಾನದಲ್ಲಿ ನಾರ್ಮನರು ಬರುವ ತನಕ, ಕಲಾಬ್ರಿಯಾ ಕಾನ್‌ಸ್ಟಾಂಟಿನೋಪಲ್‌ನ ಬೈಜಾಂಟಿಯನ್ ಸಾಮ್ರಾಜ್ಯದ ಭಾಗವಾಗಿತ್ತು. ಗ್ರೀಕ್ ಸನ್ಯಾಸಿಗಳು ಈ ಬೆಟ್ಟಗಳ ಗವಿಗಳಲ್ಲೂ ಮಠಗಳಲ್ಲೂ ನೆಲೆಸಿದರು. ಬೋವಾದ ರಕ್ಷಕ ಸಂತ ಸಾನ್ ಲಿಯೊ ಅಂಥ ಒಬ್ಬ ಸನ್ಯಾಸಿ. ಪೈನ್ ಮರದ ರಾಳವನ್ನು ಕಾಸಿ ಬಡವರಿಗಾಗಿ ದುಡಿದನೆಂದೂ ಬರಗಾಲದಲ್ಲಿ ಆ ರಾಳವೇ ರೊಟ್ಟಿಯಾಯಿತೆಂದೂ ಊರವರು ಹೇಳುತ್ತಾರೆ. ಮೇ 5ರಂದು ಅವನ ಉತ್ಸವ. ಊರಿನ ಮುಖ್ಯ ಚರ್ಚಿನ ಹೆಸರಿನಲ್ಲಿರುವ ‘ಇಸೋದಿಯಾ’ ಕೂಡ ಗ್ರೀಕ್ ಪದವೇ. ಬಾಲೆ ಮರಿಯಳು ದೇವಾಲಯವನ್ನು ಪ್ರವೇಶಿಸಿದ ಸಂದರ್ಭವನ್ನು ಅದು ಹೇಳುತ್ತದೆ. ಯಹೂದಿಗಳೂ ಇಲ್ಲಿ ಬಾಳಿದ್ದರು. ಕೆಳಗೆ ಬೋವಾ ಮರೀನಾ ಬಳಿಯ ಸಾನ್ ಪಾಸ್ಕ್ವಾಲೆಯಲ್ಲಿ 1983ರಲ್ಲಿ ರಸ್ತೆ ಕಾಮಗಾರಿಯ ಸಮಯಕ್ಕೆ ಹೊರಬಂದ, 4ನೆಯ ಶತಮಾನದ ಯಹೂದಿ ಪ್ರಾರ್ಥನಾಮಂದಿರದ ನೆಲದ ಮೊಸಾಯಿಕ್‌ನಲ್ಲಿ ಏಳು ಕವಲಿನ ದೀಪಸ್ತಂಭ ಇಂದಿಗೂ ಸ್ಪಷ್ಟವಾಗಿದೆ.

ಯುರೋಪಿನ ಪುನರುಜ್ಜೀವನವನ್ನು ಕುರಿತು ಪಾಠ ಹೇಳುವಾಗ ನಾನು ಸಹ ಒಂದು ಸಂಗತಿಯನ್ನು ಮಕ್ಕಳಿಗೆ ಹೇಳದೆ ಬಿಟ್ಟಿದ್ದೆ, ಏಕೆಂದರೆ ಅದು ನನಗೆ ಗೊತ್ತಿರಲಿಲ್ಲ. ಕವಿ ಪೆತ್ರಾರ್ಕನಿಗೆ ಗ್ರೀಕ್ ಅಕ್ಷರಾಭ್ಯಾಸ ಮಾಡಿಸಿದವನು ಕಲಾಬ್ರಿಯಾದ ಸೆಮಿನಾರಾ ಎಂಬ ಊರಿನ ಸನ್ಯಾಸಿ ಬಾರ್ಲಾಮ್. ಇಟಲಿಯ ಲೇಖಕ ಬೊಕ್ಕಾಚ್ಚೊನ ಒತ್ತಾಸೆಯಿಂದ 1360ರಲ್ಲಿ ಫ್ಲಾರೆನ್ಸಿಗೆ ಬಂದು ಗ್ರೀಕ್ ಕಲಿಸಿ, ಹೋಮರನ ಎರಡೂ ಮಹಾಕಾವ್ಯಗಳನ್ನು ಲ್ಯಾಟಿನ್ನಿಗೆ ತಂದುಕೊಟ್ಟ ಲಿಯೊಂಜೊ ಪಿಲಾತೊ ಕೂಡ ಕಲಾಬ್ರಿಯಾದವನೇ. ಅಂದರೆ ಉತ್ತರದ ಪಂಡಿತರು ಹೋಮರನನ್ನು ಮರಳಿ ಪಡೆದದ್ದು, ಆ ಮಾತು ಆಗಿನ್ನೂ ಬದುಕಿದ್ದ ನಿಮ್ಮ ಈ ದಕ್ಷಿಣದ ನೆಲದ ಮೂಲಕ. ಮಾನ್ಯರೇ, ಫ್ಲಾರೆನ್ಸಿನ ಪ್ರತಿಯೊಂದು ಕಲ್ಲಿಗೂ ದೊರೆಯುವ ಆದರದಲ್ಲಿ ಒಂದು ಪಾಲು ಈ ಬೆಟ್ಟಗಳಿಗೆ ಸಲ್ಲಬೇಕೆಂದು ನಾನು ಹೇಳುವುದು ಇದೇ ಕಾರಣಕ್ಕೆ.

ಗ್ರೀಕ್ ಮಾತಿಗೆ ಬಿದ್ದ ಮೊದಲ ದೊಡ್ಡ ಏಟು ಚರ್ಚಿನೊಳಗೇ ಬಿತ್ತು. ದಕ್ಷಿಣ ಇಟಲಿಯಲ್ಲಿ ಪೂಜೆ ಪ್ರಾರ್ಥನೆಗಳು ಗ್ರೀಕ್ ವಿಧಿಯಲ್ಲಿ ಕೊನೆಯವರೆಗೂ ಉಳಿದಿದ್ದ ಧರ್ಮಪೀಠಗಳಲ್ಲಿ ಬೋವಾ ಒಂದು. 1572ರಲ್ಲಿ ಬಿಷಪ್ ಜೂಲಿಯೊ ಸ್ತವ್ರಿಯಾನೊನ ಕಾಲದಲ್ಲಿ ಅದು ಲ್ಯಾಟಿನ್ ವಿಧಿಗೆ ಬದಲಾಯಿತು. ಅಲ್ಲಿಂದಾಚೆಗೆ ಗ್ರೆಕೊ ದೇವರೆದುರು ಆಡುವ, ಬರೆಯುವ, ಓದುವ ಮಾತಾಗಿ ಉಳಿಯಲಿಲ್ಲ. ಒಲೆಯ ಮುಂದೆ, ಮೇಕೆಯ ಹಿಂದೆ, ದ್ರಾಕ್ಷಿ ತೋಟದಲ್ಲಿ ಆಡುವ ಮಾತಾಯಿತು. ಬರಹದ ಆಸರೆಯಿಲ್ಲದೆ, ಪೀಠದ ಬೆಂಬಲವಿಲ್ಲದೆ, ನಾನೂರು ವರ್ಷ ಬಾಯಿಂದ ಬಾಯಿಗೆ ದಾಟಿ ಅದು ಉಳಿದು ಬಂದಿದೆ ಎಂಬುದನ್ನು ನೆನೆದಾಗಲೆಲ್ಲ ಆ ಬೆಟ್ಟದ ತಾಯಂದಿರ ಬಗ್ಗೆ ನನಗೆ ಅಪಾರ ಗೌರವ ಮೂಡುತ್ತದೆ.

ಆ ಮಾತಿನ ಒಳಗೇನಿದೆ ಎಂಬುದನ್ನು ಲೋಕಕ್ಕೆ ತೋರಿಸಿಕೊಟ್ಟವರಲ್ಲಿ ಮುಖ್ಯರು ಜರ್ಮನಿಯ ಭಾಷಾವಿಜ್ಞಾನಿ ಗೆರ್ಹಾರ್ಡ್ ರೋಲ್ಫ್ಸ್. 1892ರಲ್ಲಿ ಹುಟ್ಟಿ 1986ರಲ್ಲಿ ತೀರಿಕೊಂಡ ಅವರು 1920ರ ದಶಕದ ಆರಂಭದಿಂದ ಈ ಬೆಟ್ಟಗಳನ್ನು ಅಲೆದು, ಕುರುಬರ ಜೊತೆಗೂ ರೈತರ ಜೊತೆಗೂ ಕುಳಿತು ಒಂದೊಂದೇ ಪದವನ್ನು ಬರೆದುಕೊಂಡರು. ಈ ಮಾತು ಬೈಜಾಂಟಿಯನ್ ಕಾಲದಲ್ಲಿ ಹೊಸದಾಗಿ ಬಂದದ್ದು ಎಂದು ಅವರಿಗಿಂತ ಮೊದಲು 1870ರ ದಶಕದಲ್ಲಿ ಅಧ್ಯಯನ ಮಾಡಿದ ಜುಸೆಪ್ಪೆ ಮೊರೋಸಿ ವಾದಿಸಿದ್ದರು. ರೋಲ್ಫ್ಸ್ ಅದನ್ನು ಒಪ್ಪದೆ, ಕ್ರಿಸ್ತಪೂರ್ವ ಕಾಲದ ಗ್ರೀಕ್ ನೆಲೆಗಳಿಂದಲೇ ಎಳೆ ಕಡಿಯದೆ ಬಂದಿದೆ ಎಂದರು. ಅವರು ತೋರಿಸಿದ ಸಾಕ್ಷ್ಯಗಳು ಗ್ರಂಥಾಲಯದವಲ್ಲ, ಕೊಟ್ಟಿಗೆಯವು. ಚೀಸ್ ಮಾಡಲು ಹಾಲನ್ನು ಒಡೆಸುವ, ಎಳೆಯ ಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪಿಗೆ ಇಲ್ಲಿಯ ಕುರುಬರು ‘ತಮಿಸ್ಸಿ’ ಎನ್ನುತ್ತಾರೆ. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಕುರುಬರ ಬದುಕನ್ನು ಹಾಡಿದ ಸಿಸಿಲಿಯ ಕವಿ ಥಿಯೊಕ್ರಿಟಸ್ ಅದೇ ವಸ್ತುವಿಗೆ ‘ತಾಮಿಸೊಸ್’ ಎಂಬ ಪದವನ್ನು ಬಳಸಿದ್ದಾನೆ; ಅದು ಹಳೆಯ ಗ್ರೀಕಿನ ದೋರಿಕ್ ಎಂಬ ಉಪಭಾಷೆಯ ಪದ. ದ್ರಾಕ್ಷಿ ತುಳಿಯುವ ತೊಟ್ಟಿಗೆ ಇಲ್ಲಿ ‘ಲನೋ’. ಅಥೆನ್ಸಿನ ಹಳೆಯ ಗ್ರೀಕಿನಲ್ಲಿ ‘ಲೇನೋಸ್’. ಆ ‘ಲೇ’ ಇಲ್ಲಿ ‘ಲ’ ಆಗಿರುವುದು ದೋರಿಕ್ ಬಗೆಯ ಗುರುತು. ವ್ಯಾಕರಣದಲ್ಲೂ ಅಂಥ ಹಳೆಯ ಉಳಿಕೆಯಿದೆ. ಕನ್ನಡದ ‘ಬರೆಯಬಲ್ಲೆ’ ಎಂಬುದರಲ್ಲಿ ‘ಬರೆಯ’ ಎಂಬ ಭಾವರೂಪ ಉಳಿದುಕೊಂಡಿರುವ ಹಾಗೆ ಗ್ರೆಕೊದಲ್ಲಿಯೂ ‘ಬಲ್ಲೆ’ ಎಂಬರ್ಥದ ಕ್ರಿಯಾಪದದ ಜೊತೆಗೆ ಹಳೆಯ ಭಾವರೂಪ ಉಳಿದಿದೆ. ಅಥೆನ್ಸಿನ ಇಂದಿನ ಗ್ರೀಕ್ ಅದನ್ನು ಕಳೆದುಕೊಂಡು ಎಷ್ಟೋ ಕಾಲವಾಯಿತು.

ರೋಲ್ಫ್ಸ್ ಮತ್ತು ಮೊರೋಸಿ ಇವರಲ್ಲಿ ಯಾರು ಸರಿ ಎಂಬ ಚರ್ಚೆ ವಿದ್ವಾಂಸರಲ್ಲಿ ಇಂದಿಗೂ ಮುಗಿದಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಒಂದು ಮಾತು ಎರಡೂವರೆ ಸಾವಿರ ವರ್ಷದ್ದೋ ಒಂದೂಕಾಲು ಸಾವಿರ ವರ್ಷದ್ದೋ ಎಂಬುದರ ಮೇಲೆ ಅದರ ಬದುಕುವ ಹಕ್ಕು ನಿಂತಿಲ್ಲ. ಆದರೆ ‘ತಮಿಸ್ಸಿ’ಯಂಥ ಪದ ಉಳಿದದ್ದು ಹೇಗೆಂಬುದನ್ನು ತಾವು ಗಮನಿಸಬೇಕು. ಅದು ಉಳಿದದ್ದು ಮೇಕೆ ಸಾಕುವವರು ಇದ್ದುದರಿಂದ, ಹಿಪ್ಪುನೇರಳೆ ಮರದಲ್ಲಿ ಹೆಣ್ಣಿನಾಕೃತಿ ಕೊರೆದ ಅಚ್ಚಿನಲ್ಲಿ ಈಸ್ಟರಿಗೆ ‘ಮುಸುಲುಪು’ ಚೀಸ್ ಒತ್ತುವವರು ಇದ್ದುದರಿಂದ. ಕಸುಬು ಹೋದರೆ ಪದ ಹೋಗುತ್ತದೆ. ಪದವನ್ನು ಮಾತ್ರ ಫಲಕದ ಮೇಲೆ ಬರೆದಿಟ್ಟರೆ ಕಸುಬು ಮರಳಿ ಬರುವುದಿಲ್ಲ.

ಈ ಮಾತು ಕುಗ್ಗಿದ ಕಥೆ ತಮಗೆ ನನಗಿಂತ ಚೆನ್ನಾಗಿ ತಿಳಿದಿದೆ. 1861ರಲ್ಲಿ ಇಟಲಿ ಒಂದಾದ ಮೇಲೆ ಶಾಲೆ, ಸೈನ್ಯ, ಕಚೇರಿಗಳೆಲ್ಲ ಇಟಾಲಿಯನ್ನಿನಲ್ಲಿ ನಡೆದವು. ಫ್ಯಾಸಿಸ್ಟ್ ಆಡಳಿತ ಒಂದೇ ದೇಶ ಒಂದೇ ಮಾತು ಎಂಬ ಹಟದಲ್ಲಿ ಇಂಥ ಮಾತುಗಳನ್ನು ಶಾಲೆಯಿಂದ ಹೊರಗಟ್ಟಿತು. ಗ್ರೆಕೊ ಆಡುವವರೆಂದರೆ ಒರಟರು, ದಡ್ಡರು ಎಂದು ಪಕ್ಕದ ಊರುಗಳವರೇ ಹೀಯಾಳಿಸಿದರು. ತಾವು ಪಟ್ಟ ಅವಮಾನ ಮಕ್ಕಳಿಗೆ ಬೇಡವೆಂದು ತಾಯಂದಿರು ಮಕ್ಕಳೆದುರು ಬಾಯಿ ಕಟ್ಟಿಕೊಂಡರು. ಇದನ್ನು ನನಗೆ ಹೇಳಿದ್ದು ಆ ಗೊಂಬೆ ಹೆಣೆದ ಅಜ್ಜಿಯೇ. ತಮ್ಮ ಮಗಳಿಗೆ ಬೇಕೆಂದೇ ಕಲಿಸಲಿಲ್ಲ ಎಂದು ಹೇಳುವಾಗ ಅವರ ಕೈ ಎಲೆಯ ಮೇಲೆ ಸುಮ್ಮನೆ ನಿಂತುಬಿಟ್ಟಿತು. ಇನ್ನು ವಲಸೆಯ ವಿಷಯ. ಊರಿನ ಚೌಕದಲ್ಲಿ ಒಂದು ಹಳೆಯ ಉಗಿಬಂಡಿಯ ಎಂಜಿನ್ ನಿಲ್ಲಿಸಿದ್ದೀರಿ. ರೈಲು ಎಂದೂ ಹತ್ತಿ ಬಾರದ ಬೆಟ್ಟದ ಮೇಲೆ ಆ ಎಂಜಿನ್ ಕಂಡು ಮೊದಲು ಆಶ್ಚರ್ಯಪಟ್ಟೆ. ಆಮೇಲೆ ಚೌಕದ ಬೆಂಚಿನ ಮೇಲೆ ಕುಳಿತ ಹಿರಿಯರನ್ನು ಕಂಡಾಗ, ಉತ್ತರದ ಕಾರ್ಖಾನೆಗಳಿಗೂ ಹೊರದೇಶಗಳಿಗೂ ಹೊರಟವರನ್ನು ಕೆಳಗಿನ ಕರಾವಳಿಯ ನಿಲ್ದಾಣದಿಂದ ಒಯ್ದದ್ದು ಇಂಥದೇ ಬಂಡಿ ಎಂಬುದು ಹೊಳೆಯಿತು.

ಬೋವಾದ ಹಿಂದಿನ ಕಣಿವೆಯಲ್ಲಿ, ಅಮೆಂದೊಲೆಯಾ ನದಿಯ ತಿರುವಿನ ಮೇಲೆ ಚಾಚಿದ ಬಂಡೆಯಂಚಿನಲ್ಲಿರುವ ಹಳೆಯ ರೊಗೂದಿಯ ವಿಷಯ ಹೇಳದೆ ಮುಂದೆ ಹೋಗಲಾರೆ. ಅಲ್ಲಿ ಮನೆಗಳು ಪ್ರಪಾತದ ಅಂಚಿಗೆ ಎಷ್ಟು ಹತ್ತಿರವಿದ್ದವೆಂದರೆ, ಅಂಬೆಗಾಲಿಡುವ ಮಕ್ಕಳು ಉರುಳಿ ಬೀಳದಿರಲೆಂದು ತಾಯಂದಿರು ಅವರ ಕಾಲಿಗೆ ಹಗ್ಗ ಕಟ್ಟಿ ಗೋಡೆಯ ಮೊಳೆಗೆ ಬಿಗಿಯುತ್ತಿದ್ದರೆಂದು ಹೇಳುತ್ತಾರೆ. ಬೇಸಿಗೆಯಲ್ಲಿ ಬಿಳಿಯ ಕಲ್ಲುಗಳ ಹರವು ಮಾತ್ರ ಕಾಣುವ ಆ ನದಿ ಮಳೆಗಾಲದಲ್ಲಿ ಬೇರೆಯದೇ ರೂಪ ತಾಳುತ್ತದೆ. 1971ರ ಅಕ್ಟೋಬರಿನ ಮಳೆ ಪ್ರವಾಹಕ್ಕೆ ಊರನ್ನು ತೆರವು ಮಾಡಿಸಲಾಯಿತು. 1973ರ ಆರಂಭದಲ್ಲಿ ಮತ್ತೆ ಬಂದ ಪ್ರವಾಹದ ನಂತರ ಅಲ್ಲಿ ಬದುಕು ಮುಗಿಯಿತು. ಜನರು ಕರಾವಳಿಯ ಹಲವು ಊರುಗಳಿಗೆ ಚದುರಿದರು. ಅವರಿಗಾಗಿ ಮೆಲಿತೊ ದಿ ಪೋರ್ತೊ ಸಾಲ್ವೊ ಪಕ್ಕದಲ್ಲಿ, ಸಮುದ್ರದ ಬದಿಯಲ್ಲಿ, ಹೊಸ ರೊಗೂದಿ ಕಟ್ಟಿ ಮುಗಿಯುವ ಹೊತ್ತಿಗೆ 1980ರ ದಶಕದ ಕೊನೆ ಬಂದಿತ್ತು. ಆ ಹದಿನೈದು ಹದಿನಾರು ವರ್ಷಗಳಲ್ಲಿ ಒಂದು ಪೀಳಿಗೆಯ ಮಕ್ಕಳು ಬಾಡಿಗೆ ಮನೆಗಳಲ್ಲಿ, ಇಟಾಲಿಯನ್ ಮತ್ತು ಕಲಾಬ್ರಿಯಾದ ಆಡುನುಡಿಯ ನಡುವೆ ಬೆಳೆದರು. ಜನರ ಜೀವ ಉಳಿಸಲು ತೆರವು ಅಗತ್ಯವಾಗಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಒಟ್ಟಿಗೆ ಆಡುವ ಜನರಿಂದ ಬದುಕುವ ಮಾತು, ಆಡುವವರನ್ನು ಚದುರಿಸಿದಾಗ ಏನಾಗುತ್ತದೆಂಬ ಲೆಕ್ಕವನ್ನು ಯಾವ ಪುನರ್ವಸತಿ ಯೋಜನೆಯೂ ಹಾಕಲಿಲ್ಲ.

ಕಾನೂನು ಬಂದದ್ದು ಅದಾದ ಮೇಲೆ. ಭಾಷಾ ಅಲ್ಪಸಂಖ್ಯಾತರನ್ನು ಗಣರಾಜ್ಯವು ಸೂಕ್ತ ನಿಯಮಗಳ ಮೂಲಕ ಕಾಪಾಡಬೇಕೆಂದು ನಿಮ್ಮ ಸಂವಿಧಾನದ 6ನೆಯ ವಿಧಿ ಹೇಳುತ್ತದೆ. ಸಂವಿಧಾನ ಜಾರಿಯಾದದ್ದು 1948ರಲ್ಲಿ. ಆ ವಿಧಿಯನ್ನು ದೇಶದಾದ್ಯಂತ ಅನ್ವಯಿಸುವ 482ನೆಯ ಕಾನೂನು ಬಂದದ್ದು 1999ರ ಡಿಸೆಂಬರ್ 15ರಂದು. ಹನ್ನೆರಡು ಭಾಷಾ ಸಮುದಾಯಗಳಿಗೆ ಅದು ಮಾನ್ಯತೆ ಕೊಟ್ಟಿತು, ಅವುಗಳಲ್ಲಿ ಗ್ರೀಕ್ ಒಂದು. 2003ರಲ್ಲಿ ಕಲಾಬ್ರಿಯಾ ಪ್ರಾದೇಶಿಕ ಸರ್ಕಾರವೂ ತನ್ನದೇ ಕಾನೂನು ಮಾಡಿತು. ಇದರ ಫಲವಾಗಿ ರಸ್ತೆಗಳಲ್ಲಿ ಎರಡು ಭಾಷೆಯ ಫಲಕಗಳು ಬಂದವು, ಉತ್ಸವಗಳಿಗೆ ನೆರವು ಬಂತು. 2016ರಲ್ಲಿ ಬೋವಾದಲ್ಲಿಯೇ ರೋಲ್ಫ್ಸ್ ಅವರ ಹೆಸರಿನಲ್ಲಿ ಗ್ರೆಕೊ ಭಾಷೆಯ ವಸ್ತುಸಂಗ್ರಹಾಲಯ ತೆರೆಯಿತು. ಇವೆಲ್ಲವನ್ನೂ ನಾನು ಕೃತಜ್ಞತೆಯಿಂದ ನೋಡಿದ್ದೇನೆ. ಊರಿನ ಓಣಿಗಳು ಚೊಕ್ಕಟವಾಗಿವೆ, ಪಾಳುಬಿದ್ದ ಕಲ್ಲಿನ ಮನೆಗಳನ್ನು ದುರಸ್ತಿ ಮಾಡಿ ಅತಿಥಿಗಳಿಗೆ ಬಿಟ್ಟುಕೊಡುತ್ತಿದ್ದಾರೆ. ಇಟಲಿಯ ಅತಿ ಸುಂದರ ಹಳ್ಳಿಗಳ ಕೂಟದಲ್ಲಿ ಬೋವಾದ ಹೆಸರಿದೆ, ಅದಕ್ಕೆ ಊರು ಅರ್ಹವೂ ಆಗಿದೆ.

ನನ್ನ ಅಳಲು ಬೇರೆಯದು. ಕಾನೂನು ಹೇಳುವುದು ‘ಗ್ರೀಕ್’ ಎಂದು ಮಾತ್ರ. ಬೋವಾದ ಗ್ರೆಕೊ, ಪುಲಿಯಾ ಪ್ರಾಂತ್ಯದ ಸಲೆಂತೊದಲ್ಲಿರುವ ಅದರ ಸೋದರಿ ಗ್ರಿಕೊ, ಅಥೆನ್ಸಿನ ಆಧುನಿಕ ಗ್ರೀಕ್ ಇವೆಲ್ಲ ಬೇರೆ ಬೇರೆ ಎಂಬುದು ಆ ಒಂದು ಪದದಲ್ಲಿ ಮುಚ್ಚಿಹೋಗುತ್ತದೆ. ಅದರಿಂದಾಗಿ ಶಾಲೆಗಳಲ್ಲಿ ಗ್ರೀಕ್ ಕಲಿಸುವ ಪ್ರಯತ್ನ ನಡೆದಾಗ, ಗ್ರೀಸಿನಿಂದ ಬಂದ ಶಿಕ್ಷಕರು ಬಹುಮಟ್ಟಿಗೆ ಕಲಿಸಿದ್ದು ತಮ್ಮ ದೇಶದ ಆಧುನಿಕ ಗ್ರೀಕನ್ನು. ಅವರ ಪ್ರೀತಿ ದೊಡ್ಡದು. ಗ್ರೀಸ್ ದೇಶ ಈ ಬೆಟ್ಟಗಳನ್ನು ಮರೆಯಲಿಲ್ಲ ಎಂಬುದು ಸಣ್ಣ ಮಾತಲ್ಲ. ಆದರೆ ಪರಿಣಾಮವೇನಾಯಿತು ಎಂಬುದನ್ನು ಅಧ್ಯಾಪಕಿಯಾಗಿ ನಾನು ಊಹಿಸಬಲ್ಲೆ. ಮಗು ಶಾಲೆಯಲ್ಲಿ ರೊಟ್ಟಿಗೆ ‘ಪ್ಸೊಮೀ’ ಎಂದು ಕಲಿತು ಮನೆಗೆ ಬರುತ್ತದೆ. ಅಜ್ಜಿ ‘ಸ್ಪೊಮೀ’ ಎನ್ನುತ್ತಾರೆ. ಪುಸ್ತಕದಲ್ಲಿರುವುದೇ ಸರಿ ಎಂದು ನಂಬುವ ವಯಸ್ಸಿನ ಮಗು ಅಜ್ಜಿಯನ್ನು ತಿದ್ದುತ್ತದೆ. ಮೊದಲು ಇಟಾಲಿಯನ್ನಿನ ಎದುರು ತಲೆತಗ್ಗಿಸಿದ ಅಜ್ಜಿ ಈಗ ಗ್ರೀಕಿನ ಎದುರೂ ತಲೆತಗ್ಗಿಸಬೇಕಾಗುತ್ತದೆ. ಆಡುಮಾತನ್ನು ಶುದ್ಧಗೊಳಿಸುತ್ತೇನೆಂದು ಹೊರಟು ಮಕ್ಕಳ ಬಾಯಿ ಮುಚ್ಚಿಸಿದ ಶಿಕ್ಷಕರನ್ನು ನಾನು ನನ್ನ ವೃತ್ತಿಯಲ್ಲಿ ಕಂಡಿದ್ದೇನೆ. ಆದ್ದರಿಂದ ಈ ವಿಷಯ ನನಗೆ ದೂರದ್ದಲ್ಲ. ಯುನೆಸ್ಕೊ ಸಿದ್ಧಪಡಿಸಿದ ಅಳಿವಿನಂಚಿನ ಭಾಷೆಗಳ ನಕ್ಷೆಯಲ್ಲಿ ಕಲಾಬ್ರಿಯಾದ ಗ್ರೀಕ್ ತೀವ್ರ ಅಪಾಯದಲ್ಲಿರುವ ಭಾಷೆಯೆಂದು ದಾಖಲಾಗಿದೆ. ಅದೇ ನಕ್ಷೆಯಲ್ಲಿ ನಮ್ಮ ಕರ್ನಾಟಕದ ಕೊರಗ, ಕೊಡವ ಭಾಷೆಗಳೂ ಇವೆ. ಬೋಧನೆ ಮಾಡುವ ಎತ್ತರದಲ್ಲಿ ನಿಂತು ಇದನ್ನು ಬರೆಯುತ್ತಿಲ್ಲ ಎಂದು ತಾವು ತಿಳಿಯಬೇಕು.

ನಾನು ಕೇಳಿಕೊಳ್ಳುವುದು ಇಷ್ಟು. ಬೋವಾ, ಬೋವಾ ಮರೀನಾ, ಕೊಂದೊಫೂರಿ, ಹೊಸ ರೊಗೂದಿಯ ಶಿಶುವಿಹಾರಗಳಲ್ಲಿಯೂ ಪ್ರಾಥಮಿಕ ಶಾಲೆಗಳಲ್ಲಿಯೂ ಗ್ರೆಕೊವನ್ನು ಗ್ರೆಕೊವಾಗಿಯೇ ಕಲಿಸಲು ವಾರದ ವೇಳಾಪಟ್ಟಿಯಲ್ಲಿ ಖಾಯಂ ಸಮಯ ಕೊಡಿ. ಆಧುನಿಕ ಗ್ರೀಕ್ ಬೇಕೆನ್ನುವವರಿಗೆ ಅದನ್ನು ಮುಂದಿನ ತರಗತಿಗಳಲ್ಲಿ ಪ್ರತ್ಯೇಕವಾಗಿ ಕಲಿಸಬಹುದು. ಕಲಿಸುವವರು ಯಾರು ಎಂಬ ಪ್ರಶ್ನೆ ಏಳುತ್ತದೆಂದು ಬಲ್ಲೆ. ಇಂದು ಈ ಮಾತನ್ನು ಚೆನ್ನಾಗಿ ಆಡಬಲ್ಲವರು ಬಹುಪಾಲು ವೃದ್ಧರು, ಅವರಲ್ಲಿ ಹೆಚ್ಚಿನವರಿಗೆ ಶಿಕ್ಷಕರ ಪದವಿಯಿಲ್ಲ. ನ್ಯೂಜಿಲೆಂಡಿನ ಮಾವೊರಿ ಜನರಿಗೂ ಇದೇ ತೊಡಕು ಎದುರಾಗಿತ್ತು. 1982ರಲ್ಲಿ ಅವರು ಶುರುಮಾಡಿದ ‘ಭಾಷೆಯ ಗೂಡು’ ಎಂಬ ಶಿಶುವಿಹಾರಗಳಲ್ಲಿ ಅಜ್ಜ ಅಜ್ಜಿಯರೇ ಪುಟ್ಟ ಮಕ್ಕಳ ಜೊತೆ ದಿನವಿಡೀ ತಮ್ಮ ಮಾತಿನಲ್ಲೇ ಇದ್ದರು. ಅಲ್ಲಿಂದಲೇ ಆ ಭಾಷೆಯ ಹೊಸ ಪೀಳಿಗೆ ಬೆಳೆಯಿತು. ಬೋವಾದ ಅಂಗಳಗಳಲ್ಲಿ ಅಂಥ ಅಜ್ಜಿಯರು ಇನ್ನೂ ಇದ್ದಾರೆ. ಅವರನ್ನು ಉತ್ಸವದ ದಿನ ವೇದಿಕೆಗೆ ಕರೆದು ಶಾಲು ಹೊದಿಸಿ ಕಳುಹಿಸುವುದು ಸಾಲದು. ವಾರಕ್ಕೆ ಇಷ್ಟು ಗಂಟೆ ಎಂದು ಗೌರವಧನ ಕೊಟ್ಟು, ತರಬೇತಿ ಪಡೆದ ಕಿರಿಯ ಶಿಕ್ಷಕರೊಬ್ಬರನ್ನು ಜೊತೆಗಿಟ್ಟು, ಮಕ್ಕಳ ನಡುವೆ ಕೂರಿಸಬೇಕು.

ಈ ಕೆಲಸಕ್ಕೆ ಊರಿನಲ್ಲಿ ಕೈಜೋಡಿಸುವವರಿಗೆ ಕೊರತೆಯಿಲ್ಲ. ಬೋವಾ ಮರೀನಾದ ‘ಯಾಲೊ ತು ವುಆ’ ಸಂಸ್ಥೆಯ ಯುವಜನರು ಬೇಸಿಗೆಯಲ್ಲಿ ‘ತೊ ದ್ದೊಮಾದಿ ಗ್ರೆಕೊ’ ಎಂಬ ವಾರದ ಶಿಬಿರ ನಡೆಸಿ, ಅಜ್ಜಂದಿರ ಮಾತನ್ನು ತಾವಾಗಿಯೇ ಕಲಿಯುತ್ತಿದ್ದಾರೆ. ಕೊಂದೊಫೂರಿಯ ಮೇಲಿರುವ ಗಲ್ಲಿಚಾನೊದಲ್ಲಿ ಹಾಡು ಕುಣಿತಗಳ ಜೊತೆಗೆ ಮಾತೂ ಇನ್ನೂ ಜೀವಂತವಾಗಿದೆ. ಹೊರಗಿನಿಂದ ಯೋಜನೆ ತಂದು ಹೇರುವ ಬದಲು ಇವರು ಈಗಾಗಲೇ ಮಾಡುತ್ತಿರುವ ಕೆಲಸಕ್ಕೆ ವರ್ಷ ವರ್ಷವೂ ಅರ್ಜಿ ಹಾಕಿ ಕಾಯುವ ಪಾಡು ತಪ್ಪಿಸಿ, ನಿಶ್ಚಿತವಾದ ಹಲವು ವರ್ಷಗಳ ನೆರವು ಕೊಟ್ಟರೆ ಅದೇ ದೊಡ್ಡ ಉಪಕಾರ. ಅದರ ಜೊತೆಗೆ ಹಿರಿಯರ ಧ್ವನಿಮುದ್ರಣಗಳು ಎಲ್ಲೆಲ್ಲಿವೆಯೋ ಅವನ್ನೆಲ್ಲ ಒಂದೆಡೆ ಸೇರಿಸಿ, ಲಿಪಿಗಿಳಿಸಿ, ಅವರ ಮನೆಯವರ ಒಪ್ಪಿಗೆ ಪಡೆದು, ಊರಿನ ಮಕ್ಕಳು ದುಡ್ಡು ಕೊಡದೆ ಕೇಳುವಂತೆ ಮಾಡಬೇಕು. ಮೇಕೆ ಸಾಕಣೆ, ಚೀಸ್, ದ್ರಾಕ್ಷಿ, ನೂಲು, ಅಡುಗೆ, ಹೆರಿಗೆ, ಸಾವು ಹೀಗೆ ಕಸುಬು ಮತ್ತು ಬದುಕಿನ ಒಂದೊಂದು ಬದಿಯ ಪದಗಳನ್ನೂ ಆಯಾ ಕೆಲಸ ಮಾಡುತ್ತಲೇ ಹೇಳಿಸಿ ದಾಖಲಿಸಬೇಕು. ತುರ್ತು ಯಾವುದಕ್ಕಾದರೂ ಇದ್ದರೆ ಈ ದಾಖಲೆಗೆ ಇದೆ. ಶಾಲೆಯ ವೇಳಾಪಟ್ಟಿ ಮುಂದಿನ ವರ್ಷವೂ ಬದಲಾಗಬಹುದು. ತೊಂಬತ್ತು ದಾಟಿದವರ ನೆನಪು ಮುಂದಿನ ವರ್ಷಕ್ಕೆ ಕಾಯುವುದಿಲ್ಲ.

ಹಳೆಯ ರೊಗೂದಿಯ ಬಗ್ಗೆ ಒಂದೇ ಮಾತು. ಅದನ್ನು ‘ದೆವ್ವದ ಊರು’ ಎಂದು ಕರೆದು ಚಿತ್ರ ತೆಗೆದು ಹಂಚುವ ಪ್ರವಾಸಿಗರು ಹೆಚ್ಚುತ್ತಿದ್ದಾರೆ. ಅಲ್ಲಿ ಹುಟ್ಟಿದವರು ಹೊಸ ರೊಗೂದಿಯಲ್ಲಿ ಬದುಕಿದ್ದಾರೆ. ಯಾವ ಮನೆಯಲ್ಲಿ ಯಾರಿದ್ದರು, ಓಣಿಗೆ ಏನು ಹೆಸರಿತ್ತು, ನೀರು ಎಲ್ಲಿಂದ ಹೊರುತ್ತಿದ್ದರು ಎಂಬುದನ್ನು ಅವರ ಬಾಯಿಂದ ಅವರ ಮಾತಿನಲ್ಲಿ ಕೇಳಿ ಬರೆದು, ಆ ಓಣಿಗಳಲ್ಲಿ ನಡೆಯುವವರಿಗೆ ತಿಳಿಯುವಂತೆ ಮಾಡಿ. ಗೋಡೆಗಳು ಇನ್ನಷ್ಟು ಕುಸಿಯುವ ಮೊದಲು, ಹಬ್ಬಕ್ಕೆ ಬರುವ ಆ ಮನೆಯವರಾದರೂ ಅಪಾಯವಿಲ್ಲದೆ ಹೋಗಿಬರುವಷ್ಟು ದಾರಿಯನ್ನು ಭದ್ರಪಡಿಸಿ.

ಈ ಪತ್ರದಲ್ಲಿರುವ ಗ್ರೆಕೊ ಪದಗಳನ್ನು ಕನ್ನಡ ಲಿಪಿಯಲ್ಲಿ, ಸಾಧ್ಯವಾದಷ್ಟು ಊರಿನವರ ಉಚ್ಚಾರಕ್ಕೆ ಹತ್ತಿರವಾಗಿ ಬರೆದಿದ್ದೇನೆ. ತಿದ್ದುಪಡಿ ಬೇಕಿದ್ದರೆ ಅದನ್ನು ಹೇಳುವ ಅಧಿಕಾರ ಆ ಹಿರಿಯರದು. ಬರುವ ವರ್ಷ ಗರಿಗಳ ಭಾನುವಾರಕ್ಕೆ ಮತ್ತೆ ಬೋವಾಕ್ಕೆ ಬರುವವಳಿದ್ದೇನೆ. ಕಳೆದ ಸಲ ಅಜ್ಜಿ ಗೊಂಬೆಯಿಂದ ಬಿಚ್ಚಿ ನನ್ನ ಕೈಗಿತ್ತ ಆಲಿವ್ ಎಳೆ ನಮ್ಮ ಮನೆಯ ದೇವರ ಕೋಣೆಯ ಬಾಗಿಲಲ್ಲಿ ಮಾವಿನ ತೋರಣದ ಪಕ್ಕ ಒಣಗಿ ನಿಂತಿದೆ. ಅದನ್ನು ನಮ್ಮ ಮನೆಯವರೆಲ್ಲ ಈಗ ‘ಫಿಡ್ಡೊ’ ಎಂದೇ ಕರೆಯುತ್ತಾರೆ. ಅಜ್ಜಿಯ ಅಂಗಳದ ಆ ಹುಡುಗನೂ ಹಾಗೆಂದು ನಾಚದೆ ಹೇಳುವುದನ್ನು ಕೇಳಬೇಕೆಂಬುದು ನನ್ನ ಬಯಕೆ.

ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಅಧ್ಯಾಪಕಿ
ಮೈಸೂರು